ಕರ್ತೃವಿಲ್ಲದ ಕ್ರಿಯಾಪದವೂ ಸತ್ಯಾಣುವ್ರತವೂ

ಇಂಗ್ಲಿಷಿನ ‘ಸೇ’ ಅತಿ ಸಾಮಾನ್ಯವಾದ ಕ್ರಿಯಾಪದ. ‘ಹೇಳು’ ಎಂಬುದು ಅದರ ಅರ್ಥ. ಹದಿನೆಂಟನೆಯ ಶತಮಾನದ ಲಂಡನ್ ಪತ್ರಿಕೆಗಳು ಅದನ್ನು ಬಹುವಾಗಿ ಕರ್ತೃವಿಲ್ಲದೆ ಬಳಸುತ್ತಿದ್ದವು. ಹಡಗಿನಲ್ಲಿ ಬಂದ ಕಾಗದದ ಸುದ್ದಿಯೂ ಕಾಫಿ ಅಂಗಡಿಯಲ್ಲಿ ಕಿವಿಗೆ ಬಿದ್ದ ಮಾತೂ ‘ಇಟ್ ಈಸ್ ಸೆಡ್’, ಎಂದರೆ ‘ಹೀಗೆಂದು ಹೇಳಲಾಗುತ್ತದೆ’ ಎಂಬ ಒಂದೇ ಒಕ್ಕಣೆಯಲ್ಲಿ ಅಚ್ಚಾಗುತ್ತಿದ್ದವು. ಹೇಳಿದವರು ಯಾರೆಂಬುದು ಓದುಗನಿಗೆ ತಿಳಿಯುತ್ತಿರಲಿಲ್ಲ.

1843ರ ಜುಲೈ 1ರಂದು ಬಾಸೆಲ್ ಮಿಷನ್ನಿನ ಹರ್ಮನ್ ಮೋಗ್ಲಿಂಗರು ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದಾಗ ಕನ್ನಡ ಪತ್ರಿಕೆಗಳ ಕಾಲ ಆರಂಭವಾಯಿತು. ಕೇಳಿದ ಮಾತನ್ನು ತಿಳಿಸಲು ಕನ್ನಡಕ್ಕೆ ತನ್ನದೇ ಆದ ‘ಅಂತೆ’ ಮೊದಲಿನಿಂದಲೂ ಇದ್ದಿತು. ‘ಮಾಡಿದನಂತೆ’ ಎಂದೊಡನೆ ಅದು ಗಾಳಿಮಾತಿರಬಹುದೆಂದು ಕೇಳುಗನು ಎಚ್ಚರಗೊಳ್ಳುತ್ತಾನೆ; ‘ಅಂತೆ ಕಂತೆ’ ಎಂದು ತಳ್ಳಿಹಾಕಲೂಬಲ್ಲನು. ಪತ್ರಿಕೆಯ ಭಾಷೆಯಲ್ಲಿ ನೆಲೆಯೂರಿದ ‘ಎನ್ನಲಾಗಿದೆ’ ಹಾಗಲ್ಲ. ಅದರಲ್ಲಿರುವುದೂ ಕೇಳಿದ ಮಾತೇ. ಆದರೆ ಅದು ತೊಟ್ಟಿರುವುದು ಪ್ರಮಾಣದ ವೇಷ.

ಇದರ ಫಲವೇನು? ಹೆದ್ದಾರಿಯ ಬದಿಯ ಮೆಲ್ಕಾರಿನಲ್ಲಿ ಒಬ್ಬ ಅಡಿಕೆ ವ್ಯಾಪಾರಿ ಇರುವನೆಂದು ಭಾವಿಸೋಣ. ‘ಹೊಸ ಅಡಿಕೆಯನ್ನು ಬೆರೆಸಿ ಹಳತಿನ ಧಾರಣೆಗೆ ಮಾರಿದನೆನ್ನಲಾಗಿದೆ’ ಎಂಬ ಒಂದು ವಾಕ್ಯ ಹಬ್ಬುತ್ತದೆ. ಮರುದಿನವೇ ಕೃಷಿಕರು ಬೇರೆ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ವ್ಯಾಪಾರಿಗೆ ನಂಬಿಕೆಯೇ ಮೂಲಧನ. ಮಾತು ಸುಳ್ಳಾದರೆ ಅವನು ಪ್ರಶ್ನಿಸಬೇಕಾದುದು ಯಾರನ್ನು? ವಾಕ್ಯದಲ್ಲಿ ಹೇಳಿದವನೇ ಇಲ್ಲ.

ಸತ್ಯಾಣುವ್ರತಕ್ಕೆ ಆಚಾರ್ಯ ಸಮಂತಭದ್ರರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಹೇಳಿದ ಅತಿಚಾರಗಳಲ್ಲಿ ಪರಿವಾದ, ಪೈಶೂನ್ಯ, ಕೂಟಲೇಖಕರಣಗಳು ಸೇರಿವೆ. ಪರರಿಗೆ ವಿಪತ್ತು ತರುವ ಸತ್ಯವನ್ನೂ ನುಡಿಯಬಾರದೆಂಬುದು ಅವರ ಮತ. ಒಬ್ಬನು ಆಡದ, ಮಾಡದ ಸಂಗತಿಯನ್ನು ವಂಚಿಸುವ ಸಲುವಾಗಿ ಅವನು ಆಡಿದನು, ಮಾಡಿದನು ಎಂದು ಬರೆಯುವುದೇ ಕೂಟಲೇಖವೆಂದು ಪೂಜ್ಯಪಾದರು ‘ಸರ್ವಾರ್ಥಸಿದ್ಧಿ’ಯಲ್ಲಿ ವಿವರಿಸಿದ್ದಾರೆ. ಲೌಕಿಕ ಕಾನೂನಿನ ನಿಲುವೂ ಇದಕ್ಕೆ ದೂರವಲ್ಲ. ಮಾನಹಾನಿಯನ್ನು ಕುರಿತ ದಂಡಸಂಹಿತೆಯ 499ನೆಯ ಕಲಮಿನಲ್ಲಿಯೂ, 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 356ನೆಯ ಕಲಮಿನಲ್ಲಿಯೂ ಮೊದಲನೆಯ ವಿನಾಯಿತಿ ಕೇವಲ ಸತ್ಯಕ್ಕಲ್ಲ, ಲೋಕಹಿತಕ್ಕೆ ಅಗತ್ಯವಾದ ಸತ್ಯಕ್ಕೆ.

‘ಎನ್ನಲಾಗಿದೆ’ ಎಂಬುದು ಏಕಾಂತದ ಹಟವಿಲ್ಲದ ನುಡಿ, ಆದುದರಿಂದ ಸ್ಯಾದ್ವಾದಕ್ಕೆ ಸಮ್ಮತವಲ್ಲವೇ ಎಂದು ಕೆಲವರು ಕೇಳಬಹುದು. ಹಾಗಲ್ಲ. ‘ಸ್ಯಾತ್’ ಎಂದರೆ ಸಂಶಯವಲ್ಲ. ಇಂತಹ ಅಪೇಕ್ಷೆಯಿಂದ, ಇಂತಹ ದೃಷ್ಟಿಯಿಂದ ಹೀಗಿದೆ ಎಂಬ ನಿಶ್ಚಿತ ನುಡಿ. ಅದು ನೋಡುವವನ ನೆಲೆಯನ್ನು ತೋರಿಸುತ್ತದೆ; ಇದು ಆ ನೆಲೆಯನ್ನೇ ಮರೆಮಾಡುತ್ತದೆ.

ಹಾಗಾದರೆ ಹೇಳಿದವನ ಹೆಸರನ್ನು ಯಾವಾಗಲೂ ಬಯಲುಮಾಡಬೇಕೆ? ಧಣಿಯ ಅನ್ಯಾಯವನ್ನು ತಿಳಿಸಿದ ಕೂಲಿಯವನ ಹೆಸರನ್ನು ಪ್ರಕಟಿಸುವುದು ಹಿಂಸೆಯಾದೀತು. ಅಲ್ಲಿ ಹೆಸರನ್ನು ಕಾಪಾಡುವುದೇ ಧರ್ಮ. ಆದರೆ ಆಗ ಬರೆದವನೇ ಸಂಗತಿಯನ್ನು ಪರೀಕ್ಷಿಸಿ, ‘ಇದಕ್ಕೆ ಹೊಣೆ ನನ್ನದು’ ಎಂದು ನಿಲ್ಲಬೇಕು. ದುರ್ಬಲನನ್ನು ರಕ್ಷಿಸುವ ಮೌನ ಬೇರೆ, ತನ್ನನ್ನು ತಾನು ರಕ್ಷಿಸಿಕೊಳ್ಳುವ ಮೌನ ಬೇರೆ.

ಮೂಡುಬಿದಿರೆಯ ಬಸದಿ ಧವಲಾದಿ ಸಿದ್ಧಾಂತ ಗ್ರಂಥಗಳ ಓಲೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿತು. ಹಳೆಯ ಓಲೆಗ್ರಂಥಗಳ ಕೊನೆಯಲ್ಲಿ ಪ್ರತಿ ಮಾಡಿದವನು ತನ್ನ ಹೆಸರನ್ನು ಬರೆದು, ತಪ್ಪಿದ್ದರೆ ತಿದ್ದಿಕೊಳ್ಳಬೇಕೆಂದು ವಿನಂತಿಸುವುದು ಹಲವೆಡೆ ಕಾಣುತ್ತದೆ. ಪರರ ಮಾತನ್ನು ಪ್ರತಿ ಮಾಡಿದವನೇ ಇಷ್ಟು ಹೊಣೆ ಹೊತ್ತನು!

ಇಂದು ಮೊಬೈಲು ಕೈಗೆ ಬಂದ ಮೇಲೆ ಪ್ರತಿಯೊಬ್ಬ ಶ್ರಾವಕನೂ ಪತ್ರಿಕೆಯವನೇ ಆಗಿದ್ದಾನೆ. ಬಸದಿಯ ಲೆಕ್ಕಪತ್ರದ ಬಗ್ಗೆ ಟ್ರಸ್ಟಿನ ಸಭೆಯಲ್ಲಿ ‘ಜನ ಹೇಳುತ್ತಿದ್ದಾರೆ’ ಎಂಬ ಮಾತು ಎದ್ದರೆ, ಹೇಳಿದವರು ಯಾರು, ಕಂಡವರು ಯಾರು ಎಂದು ವಿಚಾರಿಸಿದ ಬಳಿಕವೇ ನಡವಳಿ ಪುಸ್ತಕಕ್ಕೆ ಏರಿಸುವುದು ಲೇಸು. ವಾಕ್ಯದಿಂದ ಕರ್ತೃವನ್ನು ತೆಗೆದುಹಾಕಬಹುದು. ಕರ್ಮಬಂಧಕ್ಕೆ ಮಾತ್ರ ಕರ್ತೃವಿನ ಗುರುತು ತಪ್ಪುವುದಿಲ್ಲ.