ದಾರಿ ತೋರುವವರು ಕಾಯಕ ಬಿಡಬೇಕೇ?

ಇನ್ನೊಬ್ಬರು ಏನು ಉಣ್ಣಬೇಕು, ಎಷ್ಟು ಹೊತ್ತು ಮಲಗಬೇಕು, ಯಾವ ಚಟ ಬಿಡಬೇಕು ಎಂದು ಹೇಳುವ ಅಧಿಕಾರ ಯಾರಿಗಿದೆ? ಧರ್ಮಗಳು ಹಿಂದಿನಿಂದಲೂ ಕೇಳುತ್ತ ಬಂದ ಈ ಪ್ರಶ್ನೆ ಈಗ ಆರೋಗ್ಯದ ಬಾಗಿಲಿಗೂ ಬಂದಿದೆ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ನೆರವಿನಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಜನರಿಗೆ ಮಧುಮೇಹವಿದೆ, ಇನ್ನೂ 13.6 ಕೋಟಿ ಜನ ಅದರ ಹೊಸ್ತಿಲಲ್ಲಿದ್ದಾರೆ. ಹೂವಿನಹಡಗಲಿ ತಾಲ್ಲೂಕಿನ ಹೊಳಲಿನಂಥ ಊರುಗಳಲ್ಲೂ ಶುಗರ್, ಬಿಪಿ ಮನೆಮಾತಾಗಿವೆ. ಗುಳಿಗೆಯನ್ನು ವೈದ್ಯರು ಕೊಡಬಲ್ಲರು, ನಿತ್ಯದ ನಡೆಯನ್ನು ಕೊಡಲಾರರು. ಆ ಕೊರತೆ ತುಂಬಲೆಂದೇ ಆರೋಗ್ಯ ಮಾರ್ಗದರ್ಶನ, ಅಂದರೆ ವೆಲ್‌ನೆಸ್ ಕೋಚಿಂಗ್, ಒಂದು ವೃತ್ತಿಯಾಗಿ ಬೆಳೆದಿದೆ. ನೌಕರಿ ಬಿಡದೆ ಸಂಜೆ ಅಥವಾ ವಾರಾಂತ್ಯದಲ್ಲಿ ಕಲಿಯುವ ಸ್ನಾತಕೋತ್ತರ ತರಬೇತಿಗಳೂ ಹುಟ್ಟಿಕೊಂಡಿವೆ. ದುಡಿಯುತ್ತಲೇ ಕಲಿಯುವುದು ಈ ವಿದ್ಯೆಗೆ ಕೊರತೆಯಲ್ಲ, ಅದರ ನೈತಿಕ ಬಲವೇ ಅಲ್ಲಿದೆ ಎಂಬುದು ನನ್ನ ವಾದ.

ಈ ವಿದ್ಯೆಯಿಂದ ಫಲವುಂಟೇ ಎಂಬುದನ್ನು ಮೊದಲು ನೋಡಬೇಕು. ಮಧುಮೇಹದ ಅಂಚಿನಲ್ಲಿದ್ದವರನ್ನು ಕುರಿತ ಅಮೆರಿಕದ ದೊಡ್ಡ ಅಧ್ಯಯನವೊಂದು 2002ರಲ್ಲಿ ಪ್ರಕಟವಾಯಿತು. ಅದರಲ್ಲಿ ಆಹಾರ, ನಡಿಗೆ, ತೂಕದ ವಿಷಯದಲ್ಲಿ ಮಾರ್ಗದರ್ಶಕರ ಬೆಂಬಲ ಪಡೆದವರಲ್ಲಿ ರೋಗ ಬರುವ ಪ್ರಮಾಣ ಶೇ. 58ರಷ್ಟು ಇಳಿಯಿತು, ಮೆಟ್‌ಫಾರ್ಮಿನ್ ಗುಳಿಗೆ ನುಂಗಿದವರಲ್ಲಿ ಇಳಿದದ್ದು ಶೇ. 31. ಚೆನ್ನೈನ ತಜ್ಞರು 531 ಜನರ ಮೇಲೆ ನಡೆಸಿ 2006ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲೂ ಜೀವನಶೈಲಿಯ ಬದಲಾವಣೆಯಿಂದ ಅಪಾಯ ಶೇ. 28.5ರಷ್ಟು ತಗ್ಗಿತು. ಸಕ್ಕರೆ ಕಡಿಮೆ ಮಾಡಬೇಕೆಂಬುದು ಯಾರಿಗೂ ಹೊಸ ಸುದ್ದಿಯಲ್ಲ. ಈ ಅಧ್ಯಯನಗಳಲ್ಲಿ ಜನರಿಗೆ ಸಿಕ್ಕಿದ್ದು ಬರಿಯ ತಿಳಿವಳಿಕೆಯಲ್ಲ, ಮತ್ತೆ ಮತ್ತೆ ಬಂದು ವಿಚಾರಿಸುವ ಒಬ್ಬರ ಜೊತೆ.

ಹಾಗೆ ಜೊತೆಗಿರುವ ಯೋಗ್ಯತೆ ಎಲ್ಲಿಂದ ಬರುತ್ತದೆ? ಹನ್ನೆರಡನೆಯ ಶತಮಾನದ ಕಲ್ಯಾಣದ ಶರಣರಲ್ಲಿ ಇದಕ್ಕೆ ಉತ್ತರವಿದೆ. ಮಡಿವಾಳ ಮಾಚಯ್ಯ, ಅಂಬಿಗರ ಚೌಡಯ್ಯ, ನುಲಿಯ ಚಂದಯ್ಯ, ವೈದ್ಯ ಸಂಗಣ್ಣ ಎಂಬ ಹೆಸರುಗಳಲ್ಲಿಯೇ ಅವರವರ ಕಾಯಕವಿದೆ. ಅನುಭಾವಕ್ಕಾಗಿ ಅವರು ಬಟ್ಟೆ ಒಗೆಯುವುದನ್ನು, ದೋಣಿ ನಡೆಸುವುದನ್ನು, ಹಗ್ಗ ಹೊಸೆಯುವುದನ್ನು ಬಿಡಲಿಲ್ಲ. ಅದೇ ಬಳಗದ ಮಾರಯ್ಯ ಒಂದು ದಿನ ಬೇಕಾದುದಕ್ಕಿಂತ ಹೆಚ್ಚು ಅಕ್ಕಿ ಆಯ್ದು ತಂದಾಗ, ಹೆಂಡತಿ ಆಯ್ದಕ್ಕಿ ಲಕ್ಕಮ್ಮ ಅದನ್ನು ತಂದಲ್ಲೇ ಸುರಿದು ಬರುವಂತೆ ಹೇಳಿದ ಕಥೆ ಕನ್ನಡಿಗರಿಗೆಲ್ಲ ಗೊತ್ತು. ಆಕೆಗೆ ಪೀಠವಿರಲಿಲ್ಲ, ಪದವಿಯಿರಲಿಲ್ಲ. ಆದರೂ ಆ ಮಾತು ನಾಟಿತು, ಏಕೆಂದರೆ ಗಂಡನಿಗೆ ಹೇಳಿದ ನಿಯಮ ಆಕೆಯ ಗಡಿಗೆಗೂ ಅನ್ವಯಿಸಿತು. ಬುದ್ಧಿ ಹೇಳುವವರು ತಾವೂ ಅದೇ ಬದುಕಿನ ಭಾರ ಹೊತ್ತಿರಬೇಕು. ರಾತ್ರಿ ಪಾಳಿಯ ನರ್ಸ್ ನಿದ್ದೆಯ ಬಗ್ಗೆ ಆಡುವ ಮಾತಿಗೂ ಪುಸ್ತಕದಿಂದ ಆಡುವ ಮಾತಿಗೂ ಇರುವ ಅಂತರ ಇದೇ.

ಬಿಡುವಿನ ಹೊತ್ತಿನ ಓದು ಅರೆವಿದ್ಯೆ, ದೇಹದ ವಿಷಯದಲ್ಲಿ ಅರೆವಿದ್ಯೆ ಅಪಾಯ ಎಂಬ ಆಕ್ಷೇಪವುಂಟು. ಅಪಾಯವೆಂಬುದು ನಿಜ. ಮಾರ್ಗದರ್ಶಕರು ರೋಗ ನಿರ್ಣಯಿಸಕೂಡದು, ಗುಳಿಗೆ ಬದಲಿಸಕೂಡದು. ಯಾವಾಗ ವೈದ್ಯರ ಬಳಿಗೆ ಕಳಿಸಬೇಕೆಂಬುದೇ ಅವರ ಮೊದಲ ಪಾಠವಾಗಬೇಕು. ಚರಕಸಂಹಿತೆ ಚಿಕಿತ್ಸೆಗೆ ನಾಲ್ಕು ಪಾದಗಳನ್ನು ಹೇಳುತ್ತದೆ: ವೈದ್ಯ, ಔಷಧ, ಪರಿಚಾರಕ, ರೋಗಿ. ಮಾರ್ಗದರ್ಶಕರ ಕೆಲಸ ಮೊದಲೆರಡನ್ನು ಕಸಿಯುವುದಲ್ಲ, ನಾಲ್ಕನೆಯದನ್ನು ಗಟ್ಟಿ ಮಾಡುವುದು. ಅರೆಕಾಲಿಕ ಎಂದರೆ ಅವಧಿ ದೀರ್ಘವಾಗಬೇಕೇ ಹೊರತು ಪಾಠ ತೆಳುವಾಗಬಾರದು. ಹಿರಿಯರ ಮೇಲ್ವಿಚಾರಣೆಯ ಅಭ್ಯಾಸ, ಕಟ್ಟುನಿಟ್ಟಿನ ಪರೀಕ್ಷೆ ಎರಡೂ ಇದ್ದರೆ ಆಕ್ಷೇಪ ನಿಲ್ಲುವುದಿಲ್ಲ.

ಎರಡನೆಯ ಆಕ್ಷೇಪ ಹೆಚ್ಚು ಗಂಭೀರವಾದದ್ದು. ಆರೋಗ್ಯ ನಿನ್ನ ಕೈಯಲ್ಲಿದೆ ಎನ್ನುವ ಮಾತು ಬಡವರ ತಲೆಗೆ ತಪ್ಪು ಹೊರಿಸುವ ಉಪಾಯವಲ್ಲವೇ? ದಿನವಿಡೀ ಹೊಲದಲ್ಲಿ ಬಾಗಿ ದುಡಿದವರಿಗೆ ನಡಿಗೆಯ ಉಪದೇಶ ಅವಮಾನ. 2013ರಲ್ಲಿ ಆರಂಭವಾದ ಅನ್ನಭಾಗ್ಯದ ಅಕ್ಕಿಯ ಮೇಲೆ ಸಂಸಾರ ನಿಂತಿರುವಾಗ ದುಬಾರಿ ಕಾಳುಗಳ ಪಟ್ಟಿ ಕೊಡುವುದು ಅದಕ್ಕಿಂತ ದೊಡ್ಡ ಅವಮಾನ. ಈ ಟೀಕೆಯನ್ನು ನಾನು ಪೂರ್ತಿ ಒಪ್ಪುತ್ತೇನೆ. ಆದರೆ ಇದು ಬೀಳುವುದು ದೂರದಿಂದ ಬಂದು ಉಪದೇಶಿಸುವವರ ಮೇಲೆ. ಅದೇ ತಾಲ್ಲೂಕಿನಲ್ಲಿ ದುಡಿಯುವ ಶಿಕ್ಷಕಿಯೋ ಸಮುದಾಯ ಆರೋಗ್ಯ ಅಧಿಕಾರಿಯೋ ಮೊದಲು ಮನೆಯಲ್ಲಿ ಏನಿದೆ ಎಂದು ಕೇಳುತ್ತಾರೆ. ಜೋಳದ ರೊಟ್ಟಿ, ಪುಂಡಿಪಲ್ಯದಿಂದಲೇ ದಾರಿ ಹುಡುಕುತ್ತಾರೆ. ಅಷ್ಟಕ್ಕೇ ನಿಲ್ಲಲೂಬಾರದು. ಕಾಯಕಕ್ಕೆ ದಾಸೋಹ ಸೇರಿದಾಗಲೇ ಶರಣರ ತತ್ವ ಪೂರ್ಣ. ಕುಡಿಯುವ ನೀರು ಕೆಟ್ಟಿದ್ದರೆ, ಕೂಲಿ ಸಾಲದಿದ್ದರೆ, ಆ ಸತ್ಯವನ್ನು ಪಂಚಾಯಿತಿಯ ಮುಂದಿಡುವುದೂ ಮಾರ್ಗದರ್ಶಕರ ಧರ್ಮ.

ಆದ್ದರಿಂದ ಈ ತರಬೇತಿ ಶುಲ್ಕ ತೆರಬಲ್ಲ ಮಹಾನಗರದ ನೌಕರರ ಸೊತ್ತಾಗಕೂಡದು. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಂಥ ಸಂಸ್ಥೆಗಳು ಇದನ್ನು ಕನ್ನಡದಲ್ಲಿ ರೂಪಿಸಲಿ, ತಾಲ್ಲೂಕು ಆಸ್ಪತ್ರೆಗಳೇ ಅಭ್ಯಾಸದ ಸ್ಥಳವಾಗಲಿ, ಹಡಗಲಿ, ಕೊಟ್ಟೂರು, ಹರಪನಹಳ್ಳಿಗಳಲ್ಲಿ ದುಡಿಯುವವರಿಗೆ ಸರ್ಕಾರವೇ ಶುಲ್ಕ ಭರಿಸಲಿ. ಜನರ ನಡುವೆ ದುಡಿಯುವವರಿಗೇ ಜನರಿಗೆ ದಾರಿ ಹೇಳುವ ಮೊದಲ ಹಕ್ಕು; ಆ ಹಕ್ಕಿಗೆ ತಕ್ಕ ವಿದ್ಯೆ ಒದಗಿಸುವುದು ನಾಡಿನ ಹೊಣೆ.