ಮೀನಿಗಿಂತ ಮೊದಲು ನೀರು

ಮೀನು ಸಾಕಬೇಕೆಂಬ ಆಸೆ ಮನೆಯಲ್ಲಿ ಹುಟ್ಟಿದರೆ ಅದಕ್ಕೆ ತಡೆಯೇ ಇರುವುದಿಲ್ಲ. ಬೆಳಿಗ್ಗೆ ಅಂಗಡಿಯಿಂದ ಗಾಜಿನ ತೊಟ್ಟಿ ಬರುತ್ತದೆ. ಮಧ್ಯಾಹ್ನದೊಳಗೆ ಹರಳುಕಲ್ಲು ತೊಳೆದು ಹಾಸಿ, ನೀರು ತುಂಬಿಸಿಯೂ ಆಗಿರುತ್ತದೆ. ಸಂಜೆ ದೀಪ ಹಚ್ಚುವ ಹೊತ್ತಿಗೆ ಪ್ಲಾಸ್ಟಿಕ್ ಕವರಿನಲ್ಲಿ ಬಣ್ಣಬಣ್ಣದ ಮೀನುಗಳೂ ಬಂದಿಳಿಯುತ್ತವೆ. ವಾರ ಕಳೆಯುವುದರೊಳಗೆ ಒಂದು ಸತ್ತು ಮೇಲೆ ತೇಲುತ್ತದೆ, ಮರುದಿನ ಇನ್ನೊಂದು. ಮಕ್ಕಳು ಅಳುತ್ತಾ ಹಿತ್ತಲಲ್ಲಿ ಗುಂಡಿ ತೋಡಿ ಹೂಳುತ್ತಾರೆ. ದೊಡ್ಡವರು "ನಮ್ಮ ಬೋರ್‌ವೆಲ್ ನೀರು ಇದಕ್ಕೆಲ್ಲ ಆಗಿಬರೋದಿಲ್ಲ" ಎಂದು ತೊಟ್ಟಿಯನ್ನು ಅಟ್ಟಕ್ಕೆ ಏರಿಸಿಬಿಡುತ್ತಾರೆ.

ಪಾಪ, ಬೋರ್‌ವೆಲ್ ನೀರಿಗೆ ಈ ಅಪವಾದ ಸಲ್ಲದು. ನಮ್ಮ ಬೆಂಗಳೂರು ಗ್ರಾಮಾಂತರದಲ್ಲಿ ವರ್ಷವಿಡೀ ಹರಿಯುವ ಹೊಳೆಯಿಲ್ಲ. ನಂದಿಬೆಟ್ಟದಲ್ಲಿ ಹುಟ್ಟಿ ದೊಡ್ಡಬಳ್ಳಾಪುರದ ಕಡೆಗೆ ಇಳಿದು ಬರುವ ಅರ್ಕಾವತಿಯೂ ಮಳೆ ಬಂದರೆ ಉಂಟು, ಇಲ್ಲದಿದ್ದರೆ ಇಲ್ಲ. ಬಂಡೆಯ ಬಿರುಕುಗಳಿಂದ ಮೇಲೆತ್ತುವ ನೀರನ್ನೇ ಹೆಚ್ಚಿನ ಮನೆಗಳು ನೆಚ್ಚಿಕೊಂಡಿವೆ. ಅದು ಗಡಸು ನೀರು, ಬಚ್ಚಲ ಬಕೆಟ್ಟಿನ ಒಳಗೆ ಕಟ್ಟುವ ಬಿಳಿ ಪೊರೆಯೇ ಅದಕ್ಕೆ ಸಾಕ್ಷಿ. ಆದರೆ ಗಪ್ಪಿ, ಮೋಲಿ, ಪ್ಲ್ಯಾಟಿಗಳಿಗೆ ಇಂಥ ನೀರೇ ಹಿತ. ನೆರೆಯ ಕೋಲಾರ ಜಿಲ್ಲೆಯ ಕಾಮಸಮುದ್ರದ ಕಡೆ ಮಲೇರಿಯಾ ತಡೆಯಲು ಹಳ್ಳಿಯ ಬಾವಿಗಳಿಗೇ ಗಪ್ಪಿ ಬಿಟ್ಟಿದ್ದರು. ಸೊಳ್ಳೆಮರಿ ತಿಂದುಕೊಂಡು ಅವು ಅಲ್ಲಿ ಬದುಕಿದವು, ಕಾಯಿಲೆಯೂ ಇಳಿಯಿತು. ಮೆದು ನೀರು ಬೇಡುವ ನಿಯಾನ್ ಟೆಟ್ರಾವನ್ನೋ, ಬೆಳೆದರೆ ಅಂಗೈಗಿಂತ ದೊಡ್ಡದಾಗುವ ಗೋಲ್ಡ್ ಫಿಶ್ಶನ್ನೋ ಬಣ್ಣಕ್ಕೆ ಮರುಳಾಗಿ ತರುವ ಬದಲು, ನಮ್ಮ ನೀರಿಗೆ ಒಗ್ಗುವ ಮೀನು ಆರಿಸಿಕೊಂಡರೆ ಅರ್ಧ ಕಷ್ಟ ಕಳೆಯಿತು. ಕುಡಿಯಲೆಂದು ಶುದ್ಧಮಾಡಿದ ಆರ್‌ಒ ನೀರನ್ನೇ ತುಂಬಿಸುವುದೂ ಬೇಡ, ಮೀನಿಗೆ ಬೇಕಾದ ಲವಣಗಳು ಅದರಲ್ಲಿ ಉಳಿದಿರುವುದಿಲ್ಲ. ಬೋರ್‌ವೆಲ್ ನೀರನ್ನು ಒಂದು ದಿನ ತೆರೆದ ಬಕೆಟ್ಟಿನಲ್ಲಿಟ್ಟು ಗಾಳಿಯಾಡಲು ಬಿಟ್ಟರೆ ಸಾಕು. ನಲ್ಲಿ ನೀರಿಗೆ ಬ್ಲೀಚಿಂಗ್ ಪೌಡರ್ ಹಾಕಿದ್ದರೆ ಅದರ ವಾಸನೆಯೂ ಹೀಗೆಯೇ ಹೋಗುತ್ತದೆ.

ಹಾಗಾದರೆ ಮೀನು ಸತ್ತಿದ್ದೇಕೆ? ಮೀನು ಕಿವಿರಿನ ಮೂಲಕ ಅಮೋನಿಯಾ ಹೊರಬಿಡುತ್ತದೆ. ತಿನ್ನದೆ ಉಳಿದ ಆಹಾರ ಕೊಳೆತರೂ ಅದೇ ವಿಷ. ಕೆರೆಯಲ್ಲಾದರೆ ಇದನ್ನು ಅರಗಿಸಿಕೊಳ್ಳುವ ಸೂಕ್ಷ್ಮಾಣುಗಳು ಕೆಸರು, ಕಲ್ಲು, ಬೇರುಗಳ ತುಂಬ ಇರುತ್ತವೆ. ಒಂದು ಬಗೆಯವು ಅಮೋನಿಯಾವನ್ನು ನೈಟ್ರೈಟ್ ಮಾಡುತ್ತವೆ, ಇನ್ನೊಂದು ಬಗೆಯವು ಆ ನೈಟ್ರೈಟನ್ನು ಅಷ್ಟಾಗಿ ಕೆಡುಕಿಲ್ಲದ ನೈಟ್ರೇಟ್ ಮಾಡುತ್ತವೆ. 1890ರ ಸುಮಾರಿಗೆ ರಷ್ಯಾದ ವಿಜ್ಞಾನಿ ಸೆರ್ಗೈ ವಿನೊಗ್ರಾಡ್‌ಸ್ಕಿ ಮಣ್ಣಿನಿಂದ ಬೇರ್ಪಡಿಸಿ ತೋರಿಸಿದ್ದು ಈ ಕುಲದ ಜೀವಿಗಳನ್ನೇ. ನಮ್ಮ ರಾಗಿ ಹೊಲಕ್ಕೆ ಹಾಕಿದ ಕೊಟ್ಟಿಗೆ ಗೊಬ್ಬರ ಪೈರಿಗೆ ದಕ್ಕುವುದರಲ್ಲೂ ಇವುಗಳ ಪಾಲಿದೆ. ಹೊಸ ತೊಟ್ಟಿಯಲ್ಲಿ ಇವು ಇನ್ನೂ ನೆಲೆಗೊಂಡಿರುವುದಿಲ್ಲ. ಫಿಲ್ಟರಿನ ಸ್ಪಂಜಿನಲ್ಲಿ, ಹರಳುಕಲ್ಲಿನ ಮೇಲೆ ಸಾಕಷ್ಟು ಬೆಳೆಯಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಅಲ್ಲಿಯವರೆಗೆ ನೀರು ಕಣ್ಣಿಗೆ ಎಷ್ಟೇ ತಿಳಿಯಾಗಿ ಕಂಡರೂ ಹದವಾಗಿರುವುದಿಲ್ಲ. ಈಗಾಗಲೇ ಚೆನ್ನಾಗಿ ಮೀನು ಸಾಕಿರುವವರು ಪರಿಚಯವಿದ್ದರೆ ಅವರ ಫಿಲ್ಟರಿನ ಸ್ಪಂಜಿನಿಂದ ಒಂದು ತುಂಡು ಕೇಳಿ ತನ್ನಿ. ಪಕ್ಕದ ಮನೆಯಿಂದ ಮೊಸರಿಗೆ ಹೆಪ್ಪು ತಂದ ಹಾಗೆ. ಒಣಗಲು ಬಿಡದೆ, ಅವರ ತೊಟ್ಟಿಯ ನೀರಿನಲ್ಲೇ ಮುಳುಗಿಸಿ ತಂದು ನಮ್ಮ ಫಿಲ್ಟರಿನಲ್ಲಿಟ್ಟರೆ ಕಾಯುವ ದಿನಗಳು ಎಷ್ಟೋ ಕಡಿಮೆಯಾಗುತ್ತವೆ.

ಮೀನಿಲ್ಲದ ತೊಟ್ಟಿಗೆ ದಿನಾ ಒಂದು ಚಿಟಿಕೆ ಮೀನಿನ ಆಹಾರ ಹಾಕುತ್ತಾ ಕಾಯುವುದು ಮಕ್ಕಳಿಗೆ ವಿಚಿತ್ರವೆನಿಸಬಹುದು. ಅದು ಕೊಳೆತು ಹುಟ್ಟುವ ಅಮೋನಿಯಾವೇ ಆ ಸೂಕ್ಷ್ಮಾಣುಗಳಿಗೆ ಊಟ ಎಂದು ಹೇಳಿಕೊಡಿ. ನೀರಿನ ಪರೀಕ್ಷೆಯ ಕಿಟ್ಟನ್ನು ಅವರ ಕೈಗೇ ಕೊಟ್ಟು, ಕೊಳವೆಯ ಬಣ್ಣವನ್ನು ಕ್ಯಾಲೆಂಡರಿನಲ್ಲಿ ಬರೆದಿಡಲು ಹೇಳಿ. ಆಹಾರ ಹಾಕುತ್ತಿದ್ದರೂ ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಯಾಗೇ ಉಳಿದು ನೈಟ್ರೇಟ್ ಮಾತ್ರ ಕಂಡ ದಿನ ಎರಡು ಮೂರು ಮೀನು ತರಬಹುದು. ಇಷ್ಟೆಲ್ಲ ಏಕೆ ಎಂದರೆ, ಹಸಿದ ಹಸು ಅಂಬಾ ಎನ್ನುತ್ತದೆ, ಅಕ್ಕರೆ ಕಾಣದ ನಾಯಿ ಪಕ್ಕದ ಬೀದಿ ಸೇರುತ್ತದೆ. ಮೀನಿಗೆ ಕೂಗೂ ಇಲ್ಲ, ದಾರಿಯೂ ಇಲ್ಲ. ಎರಡಡಿ ಉದ್ದ, ಒಂದಡಿ ಅಗಲ, ಒಂದಡಿ ಎತ್ತರದ ತೊಟ್ಟಿ ಎಂದರೆ ಸುಮಾರು 55 ಲೀಟರ್ ನೀರು, ಅದರ ಪ್ರಪಂಚ ಅಷ್ಟೇ. ಅದನ್ನು ಹದವಾಗಿಡುವ ಜವಾಬ್ದಾರಿ ಮನೆಯವರದು. ದೇವನಹಳ್ಳಿಯ ಮಾಗಿಯ ಚಳಿಗೆ ಹೀಟರ್ ಬೇಕೇ, ಕರೆಂಟ್ ಹೋದರೆ ಗಾಳಿಗೆ ಬ್ಯಾಟರಿ ಪಂಪ್ ಇದೆಯೇ ಎಂದು ಮೊದಲೇ ವಿಚಾರಿಸಿಟ್ಟುಕೊಳ್ಳುವ ಮನೆಯಲ್ಲಿ ದಯೆ ಎನ್ನುವುದು ಬರೀ ಮಾತಾಗಿ ಉಳಿಯುವುದಿಲ್ಲ.

ಆಮೇಲಿನ ಕೆಲಸ ಹಗುರ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ ಹಾಕಬೇಕು. ವಾರಕ್ಕೊಮ್ಮೆ ಕಾಲು ಭಾಗ ನೀರು ಬದಲಿಸಿ, ತೆಗೆದ ನೀರನ್ನು ಕರಿಬೇವಿನ ಬುಡಕ್ಕೆ ಹಾಕಿದರೆ ನೈಟ್ರೇಟ್ ಗಿಡಕ್ಕೆ ಗೊಬ್ಬರವಾಗುತ್ತದೆ. ಸ್ಪಂಜನ್ನು ಮಾತ್ರ ನಲ್ಲಿಗೆ ಹಿಡಿಯದೆ, ತೊಟ್ಟಿಯಿಂದ ತೆಗೆದ ನೀರಿನಲ್ಲೇ ಹಿಂಡಿ. ಗಪ್ಪಿ ಮರಿ ಹಾಕುತ್ತಲೇ ಇರುತ್ತದೆ, ಕೆಲವೇ ತಿಂಗಳಿಗೆ ತೊಟ್ಟಿ ಸಾಲದಾಗುತ್ತದೆ. ಆಗ ಹೆಚ್ಚಾದ ಮೀನನ್ನು ಕೆರೆಗೆ ಬಿಡುವುದು ಪುಣ್ಯದ ಕೆಲಸವೆಂದು ಎಷ್ಟೋ ಜನ ನಂಬಿದ್ದಾರೆ, ದಯವಿಟ್ಟು ಬೇಡ. ಹೀಗೆ ಬಿಟ್ಟ ದಕ್ಷಿಣ ಅಮೆರಿಕದ ಸಕ್ಕರ್ ಮೀನು ದೇಶದ ಹಲವು ಕೆರೆಗಳಲ್ಲಿ ಬೀಡುಬಿಟ್ಟು, ತನ್ನ ಮುಳ್ಳುಗಳಿಂದ ಬೆಸ್ತರ ಬಲೆಯನ್ನೇ ಹರಿಯುತ್ತಿದೆ. ಮರಿಗಳನ್ನು ಬೀದಿಯ ಇನ್ನೊಂದು ಮನೆಯ ಮಕ್ಕಳಿಗೆ ಕೊಡಿ. ಅವರು ಡಬ್ಬಿ ಹಿಡಿದು ಬಂದ ದಿನ ಮೊದಲು ಸ್ಪಂಜಿನ ಒಂದು ತುಂಡು ಕತ್ತರಿಸಿ ಕೊಟ್ಟು ಕಳಿಸಿ. ಅವರ ತೊಟ್ಟಿಯ ನೀರು ಹದಕ್ಕೆ ಬಂದಿದೆ ಎಂದು ಕಿಟ್ ಹೇಳಿದ ಮೇಲೆ ಮೀನು ಕೊಡಬಹುದು.