ದ್ವೀಪವನ್ನು ತೋರಿಸುವವನ ಧರ್ಮ

‘ದ್ವೀಪ’ವೆಂಬ ಶಬ್ದವನ್ನು ವೈಯಾಕರಣರು ಬಿಡಿಸಿ ತೋರಿಸುವ ಕ್ರಮವು ವಿನೋದಕರವಾಗಿದೆ. ‘ದ್ವಿ’ ಎಂದರೆ ಎರಡು, ‘ಅಪ್’ ಎಂದರೆ ನೀರು. ಎರಡು ಕಡೆಗೆ ನೀರುಳ್ಳ ನೆಲವು ದ್ವೀಪವೆನಿಸಿತು. ಇಲ್ಲಿಯ ಅಕಾರವು ಈಕಾರವಾಗುವದಕ್ಕೆ ಪಾಣಿನಿಯು ಒಂದು ಸೂತ್ರವನ್ನೇ ಮಾಡಿಟ್ಟಿರುವನು. ಸುತ್ತಲೂ ನೀರಿರುವ ಸ್ಥಳಕ್ಕೆ ಎರಡೇ ಕಡೆಯ ಹೆಸರೇಕೆಂದು ಪಾಠಶಾಲೆಯ ಹುಡುಗರು ಕೇಳುವದುಂಟು. ಹೊಳೆಯ ದಂಡೆಯಲ್ಲಿ ಬೆಳೆದ ಹುಡುಗನು ಮಾತ್ರ ಹಾಗೆ ಕೇಳಲಾರನು. ಹೊಳೆಯ ನಡುವಣ ಗಡ್ಡೆಗೆ ಎಡಕ್ಕೊಂದು ಸೆಳವು, ಬಲಕ್ಕೊಂದು ಸೆಳವು. ಇವೆರಡನ್ನೂ ಬಲ್ಲವನಿಗೆ ಆ ಹೆಸರು ಸರಿಯಾಗಿಯೇ ಕಾಣುವದು. ಕೃಷ್ಣೆಯ ಸೀಮೆಯವರಾದ ಶೇಡಬಾಳದವರಿಗೆ ದ್ವೀಪವೆಂದರೆ ಮೊದಲು ನೆನಪಾಗುವದು ಸಮುದ್ರವಲ್ಲ, ಮಳೆಗಾಲದ ನೆರೆ. 2005ರಲ್ಲಿಯೂ 2019ರಲ್ಲಿಯೂ ಕೃಷ್ಣೆಯು ದಂಡೆ ಮೀರಿ ಬಂದಾಗ ಈ ಸೀಮೆಯ ಹೊಳೆಸಾಲಿನ ಹಳ್ಳಿಗಳು ನಡುಗಡ್ಡೆಗಳಾದವು. ದನಕರುಗಳನ್ನು ಎತ್ತರದ ನೆಲಕ್ಕೆ ಹೊಡೆದುಕೊಂಡು ಹೋಗುವವರು ಒಂದು ಕಡೆ. ಸೇತುವೆಯ ಮೇಲೆ ನಿಂತು ಆ ಕೆಂಪು ನೀರಿನ ವಿಸ್ತಾರವನ್ನು ಕಂಡು ‘ಎಷ್ಟು ಚಂದ!’ ಎನ್ನುವವರು ಇನ್ನೊಂದು ಕಡೆ. ಒಂದೇ ನೀರು ಒಬ್ಬನಿಗೆ ಬದುಕು, ಇನ್ನೊಬ್ಬನಿಗೆ ನೋಟ.

ಇದನ್ನು ಮೊದಲಿಗೇ ಹೇಳುವದಕ್ಕೆ ಕಾರಣವುಂಟು. ರಜೆಯ ದಿವಸಗಳಲ್ಲಿ ಶೇಡಬಾಳದ ಗೃಹಸ್ಥರು ಸಕುಟುಂಬರಾಗಿ ಪಡುವಣ ಕಡಲಿಗೆ ಹೊರಡುವದು ಈಗ ಸಾಮಾನ್ಯವಾಗಿದೆ. ಹಿಂದಕ್ಕೆ ಊರಿನ ಸ್ಟೇಶನ್ನಿನಲ್ಲಿ ಗಾಡಿ ಹತ್ತಿದವರು ಮಿರಜೆಗೆ ವ್ಯಾಪಾರಕ್ಕೆಂದೋ ಬೆಳಗಾವಿಗೆ ಕಚೇರಿಯ ಕೆಲಸಕ್ಕೆಂದೋ ಹೋಗುತ್ತಿದ್ದರು. ಈಗ ಕಾರವಾರ, ಮುರ್ಡೇಶ್ವರ, ಮಲ್ಪೆಗಳ ಹೆಸರು ಚಿಕ್ಕ ಮಕ್ಕಳ ಬಾಯಲ್ಲಿಯೂ ಆಡುತ್ತಿವೆ. ಅಲ್ಲಿಗೆ ಹೋದವರು ದೋಣಿಯವನನ್ನೋ ಚಹದ ಅಂಗಡಿಯವನನ್ನೋ ತಪ್ಪದೆ ಕೇಳುವ ಪ್ರಶ್ನೆಯೊಂದಿದೆ: “ಎಲ್ಲರೂ ನೋಡುವ ಜಾಗ ಇರಲಿ, ನಿಮಗೆ ಮೆಚ್ಚಿನ ಜಾಗ ಯಾವದು, ಅದನ್ನು ತೋರಿಸಿರಿ.” ಪ್ರಶ್ನೆಯು ಸ್ನೇಹದ್ದೇ ಸರಿ. ಆದರೆ ಉತ್ತರ ಹೇಳಬೇಕಾದವನ ಮೇಲೆ ಒಂದು ಭಾರವು ಬೀಳುತ್ತದೆ. ತಾನು ಪ್ರೀತಿಸುವ ಸ್ಥಳವನ್ನು ಪರರಿಗೆ ತೋರಿಸಬೇಕೋ, ಬಚ್ಚಿಡಬೇಕೋ? ತೋರಿಸಿದರೆ ಅದು ದಾನವೋ, ದ್ರೋಹವೋ? ಬಚ್ಚಿಟ್ಟರೆ ರಕ್ಷಣೆಯೋ, ಲೋಭವೋ? ವಿಚಾರಿಸತಕ್ಕ ವಿಷಯವು ಇಷ್ಟೇ, ಆದರೂ ಸಣ್ಣದಲ್ಲ.

ಮೊದಲು ಮಲ್ಪೆಯನ್ನೇ ತೆಗೆದುಕೊಳ್ಳಬಹುದು. ಬಂದರದಿಂದ ಸುಮಾರು 6 ಕಿಲೋಮೀಟರ ದೂರದಲ್ಲಿ, ದಂಡೆಗೆ ಸಮಾಂತರವಾಗಿ, ತೆಂಕಬಡಗಾಗಿ ಸಾಲುಗೊಂಡ ನಾಲ್ಕು ಮುಖ್ಯ ನಡುಗಡ್ಡೆಗಳಿವೆ. ಅಲ್ಲಿಯವರು ಅವನ್ನು ತೋನ್ಸೆಪಾರ್ ಎನ್ನುತ್ತಾರೆ. ನಕಾಶೆಯಲ್ಲಿರುವ ಹೆಸರು ಸೇಂಟ್ ಮೇರೀಸ್. 1498ರಲ್ಲಿ ವಾಸ್ಕೊ ದ ಗಾಮನು ಇಲ್ಲಿ ಇಳಿದು ಆ ಹೆಸರಿಟ್ಟನೆಂದು ಪ್ರತೀತಿ. ಬಂದು ಹೋದವನ ಮಾತು ಕಾಗದದ ಮೇಲೆ ನಿಂತಿತು, ತಲೆತಲಾಂತರದಿಂದ ಬಲೆ ಬೀಸಿದವರ ಮಾತು ಬಾಯಲ್ಲಿ ಉಳಿಯಿತು. ತೆಂಗಿನ ನಡುಗಡ್ಡೆಯಲ್ಲಿ ಇಳಿದವನಿಗೆ ಕಾಣುವದು ಐದಾರು ಮೂಲೆಯ ಕಲ್ಲುಗಂಬಗಳ ರಾಶಿ; ಶಿಲ್ಪಿಯು ಉಳಿಯಿಂದ ಕಡೆದು ಒತ್ತಿ ನಿಲ್ಲಿಸಿದಂತೆ ತೋರುವದು. ಕಡೆದವನು ಯಾವನೂ ಇಲ್ಲ. ಕಾದು ಕರಗಿದ ಶಿಲಾರಸವು ತಣಿಯುವಾಗ ಕುಗ್ಗಿ ಬಿರುಕುಬಿಟ್ಟು ತಾನಾಗಿ ಪಡೆದ ಆಕೃತಿ ಅದು. ಭರತಖಂಡವೂ ಮಡಗಾಸ್ಕರ ದ್ವೀಪವೂ ಒಂದಾಗಿದ್ದು ಬೇರ್ಪಟ್ಟ ಕಾಲದ ಗುರುತು ಇದೆಂದೂ, ಸುಮಾರು 8.8 ಕೋಟಿ ವರ್ಷಗಳಷ್ಟು ಹಳೆಯದೆಂದೂ ಭೂಗರ್ಭಶಾಸ್ತ್ರಜ್ಞರು ಹೇಳುತ್ತಾರೆ. ಭಾರತೀಯ ಭೂವೈಜ್ಞಾನಿಕ ಸರ್ವೇಕ್ಷಣೆಯವರು ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಸಾರಿದ್ದಾರೆ.

ಆ ಕಲ್ಲಿನ ಚೂರೊಂದನ್ನು ಕಿಸೆಗೆ ಹಾಕಿಕೊಳ್ಳುವ ಶೇಡಬಾಳದ ಪ್ರವಾಸಿಯು ಒಂದು ಸಂಗತಿಯನ್ನು ಮರೆತಿರುತ್ತಾನೆ. ಅವನ ಹೊಲದ ಬಾವಿಯ ತಳದಲ್ಲಿರುವ ಕರಿಗಲ್ಲೂ ಬೆಂಕಿಯಲ್ಲಿಯೇ ಹುಟ್ಟಿದ್ದು; ಅವನ ಎರೆಭೂಮಿಗೆ ತಾಯಿಯೂ ಅದೇ. ದಖ್ಖಣದ ಆ ಕಲ್ಲಿನ ವಯಸ್ಸು ಸುಮಾರು 6.6 ಕೋಟಿ ವರ್ಷ. ಕಡಲಿನ ಕಲ್ಲು ಅಕ್ಕ, ಬಾವಿಯ ಕಲ್ಲು ತಂಗಿ. ತಂಗಿಯನ್ನು ಮನೆಯಲ್ಲಿ ದಿನವೂ ತುಳಿಯುವವನು ಅಕ್ಕನನ್ನು ಕದ್ದು ತರುವದು ವಿಚಿತ್ರವೇ ಸರಿ.

ಅಲ್ಲಿಯ ದಂಡೆಯಲ್ಲಿ ಮರಳಿಗಿಂತ ಚಿಪ್ಪುಗಳೇ ಹೆಚ್ಚು. ಬಂದವರು ಒಂದೊಂದು ಹಿಡಿ ಆರಿಸಿಕೊಳ್ಳುತ್ತಾರೆ. ಇಷ್ಟು ದೊಡ್ಡ ಕಡಲಿಗೆ ಒಂದು ಹಿಡಿ ಯಾವ ಲೆಕ್ಕ? ಹಾಗೆ ಕೇಳುವವನು ತನ್ನ ಒಂದೇ ಹಿಡಿಯನ್ನು ನೋಡಿಕೊಳ್ಳುತ್ತಾನೆ. ತನ್ನ ಹಿಂದೆ ಇಳಿದವರ ಸಾಲನ್ನು ನೋಡುವದಿಲ್ಲ. ಬರಿದೆಂದು ತೋರುವ ಚಿಪ್ಪು ಸನ್ಯಾಸಿ ಏಡಿಗೆ ಮನೆ. ಸತ್ತ ಜೀವಿಯ ಕವಚವನ್ನು ಹುಡುಕಿ, ಅದರಲ್ಲಿ ಮೈ ಅಡಗಿಸಿಕೊಂಡು ಬಾಳುವ ಪ್ರಾಣಿ ಅದು. ಈ ಮಾತನ್ನು ದೋಣಿಯವನು ಬಲ್ಲನು. ಹೇಳುವನೋ ಇಲ್ಲವೋ ಎಂಬದೇ ಪ್ರಶ್ನೆ.

ಶ್ರಾವಕರ ಮನೆಗಳಲ್ಲಿ ಹನ್ನೆರಡು ವ್ರತಗಳ ಹೆಸರನ್ನು ಕೇಳದವರು ವಿರಳ. ಅವುಗಳಲ್ಲಿ ದಿಗ್ವ್ರತವೆಂಬದೊಂದು: ಇಂಥ ದಿಕ್ಕಿನಲ್ಲಿ ಇಂಥ ನದಿಯವರೆಗೆ, ಇಂಥ ಪರ್ವತದವರೆಗೆ, ಇಂಥ ಸಮುದ್ರದವರೆಗೆ ಮಾತ್ರ ಹೋಗುವೆನೆಂದು ಗೃಹಸ್ಥನು ಮೇರೆ ಹಾಕಿಕೊಳ್ಳುವದು. ಮೇರೆಯ ಆಚೆಗೆ ಅವನಿಂದ ಯಾವ ಹಿಂಸೆಯೂ ನಡೆಯದಾದ್ದರಿಂದ, ಅಲ್ಲಿಯ ಮಟ್ಟಿಗೆ ಅವನ ಅಣುವ್ರತವು ಮಹಾವ್ರತಕ್ಕೆ ಸಮಾನವಾಗುವದೆಂದು ಹಿರಿಯರ ಅಭಿಪ್ರಾಯ. ಇನ್ನೊಂದು ಅನರ್ಥದಂಡವಿರತಿ, ಎಂದರೆ ಪ್ರಯೋಜನವಿಲ್ಲದ ಹಿಂಸೆಯನ್ನು ಬಿಡುವದು. ಸಮಂತಭದ್ರಾಚಾರ್ಯರು ರತ್ನಕರಂಡಕ ಶ್ರಾವಕಾಚಾರದಲ್ಲಿ ಇದರ ಬಗೆಗಳನ್ನು ಹೇಳುತ್ತ, ಸುಮ್ಮನೆ ನೆಲವನ್ನು ಅಗೆಯುವದು, ನೀರನ್ನು ಕಲಕುವದು, ಗಿಡವನ್ನು ಚಿವುಟುವದು ಇವುಗಳೊಂದಿಗೆ ಸರಣ, ಸಾರಣ ಎಂಬೆರಡನ್ನು ಎಣಿಸಿದ್ದಾರೆ. ವ್ಯರ್ಥವಾಗಿ ತಾನು ತಿರುಗುವದು ಸರಣ. ವ್ಯರ್ಥವಾಗಿ ಪರರನ್ನು ತಿರುಗಿಸುವದು ಸಾರಣ. ತಿರುಗುವವನ ದೋಷವನ್ನು ಎಲ್ಲ ನೀತಿಗ್ರಂಥಗಳೂ ಹೇಳುತ್ತವೆ. ತಿರುಗಿಸುವವನನ್ನೂ ಹೊಣೆಗಾರನನ್ನಾಗಿ ಮಾಡಿದ್ದು ಸೂಕ್ಷ್ಮವಾದ ದೃಷ್ಟಿ. ದೇಶವ್ರತದ ಅತಿಚಾರಗಳಲ್ಲಿ ಬರುವ ‘ಆನಯನ’ವೂ, ಎಂದರೆ ಮೇರೆಯ ಹೊರಗಿನ ವಸ್ತುವನ್ನು ತರಿಸಿಕೊಳ್ಳುವದೂ, ಚಿಪ್ಪು ಕಲ್ಲುಗಳ ಸಂಗತಿಯಲ್ಲಿ ನೆನಪಾಗದೆ ಇರದು. ‘ರೂಪಾನುಪಾತ’ವೆಂಬ ಇನ್ನೊಂದು ಅತಿಚಾರವಿದೆ, ಮೇರೆಯ ಹೊರಗಿನವರಿಗೆ ತನ್ನ ರೂಪವನ್ನು ತೋರಿಸಿ ಸನ್ನೆ ಮಾಡುವದು. ದ್ವೀಪದಲ್ಲಿ ನಿಂತು ಗಳಿಗೆಗೊಮ್ಮೆ ಮೊಬೈಲಿನಲ್ಲಿ ತನ್ನ ಮುಖವನ್ನು ಊರಿಗೆ ಕಳಿಸುವ ತರುಣರನ್ನು ಆಚಾರ್ಯರು ಕಂಡಿರಲಿಲ್ಲವೆಂದು ಹೇಗೆ ನಂಬುವದು?

ಆದರೆ ಇಷ್ಟರಿಂದ ತಿರುಗಾಟವೆಲ್ಲ ಪಾಪವೆಂದು ತೀರ್ಮಾನಿಸಿದರೆ ಅನ್ಯಾಯವಾದೀತು. ಶೇಡಬಾಳದಲ್ಲಿಯೇ 1925ರಲ್ಲಿ ಹುಟ್ಟಿದ ಆಚಾರ್ಯ ವಿದ್ಯಾನಂದರು ಬರಿಗಾಲಿನಿಂದ ಹಿಮಾಲಯದವರೆಗೆ ನಡೆದವರು. ಶಾಸ್ತ್ರವು ನಿಷೇಧಿಸಿದ್ದು ವಿಫಲವಾದ ಸಂಚಾರವನ್ನು. ಹಾಗಾದರೆ ಚಂದದ ಸ್ಥಳವನ್ನು ನೋಡುವದು ಸಫಲವೋ, ವಿಫಲವೋ? ಕಗ್ಗಂಟು ಇಲ್ಲಿಯೇ ಇದೆ. ಹೊಟ್ಟೆಗೆ ಹಿಟ್ಟಾಗದ್ದೆಲ್ಲ ವ್ಯರ್ಥವೆನ್ನುವವರ ಮಾತು ಒಪ್ಪತಕ್ಕದ್ದಲ್ಲ. ರವೀಂದ್ರನಾಥ ಠಾಕೂರರು ತಾರುಣ್ಯದಲ್ಲಿ, ಜಿಲ್ಲಾ ನ್ಯಾಯಾಧೀಶರಾಗಿದ್ದ ಅಣ್ಣನ ಬಳಿಯಲ್ಲಿ ಕಾರವಾರದ ಕಡಲ ತಡಿಯಲ್ಲಿ ತಂಗಿದ್ದಾಗಲೇ ‘ಪ್ರಕೃತಿರ್ ಪ್ರತಿಶೋಧ’ವೆಂಬ ನಾಟಕವನ್ನು ಬರೆದರು. ಪ್ರಕೃತಿಯನ್ನೂ ಮಮತೆಯನ್ನೂ ಗೆದ್ದೆನೆಂದುಕೊಂಡ ಸನ್ಯಾಸಿಯೊಬ್ಬನು ಅನಾಥ ಬಾಲಿಕೆಯೊಬ್ಬಳ ಸ್ನೇಹದಿಂದ ಲೋಕಕ್ಕೆ ಮರಳುವದೇ ಅದರ ವಸ್ತು. ಒಂದು ಕಡಲತಡಿಯಿಂದ ಅಷ್ಟು ದೊರೆಯುವದಾದರೆ ನೋಟವು ವಿಫಲವೆನ್ನುವದೆಂತು? ಆದರೆ ಅವರು ಅಲ್ಲಿ ದಿನಗಟ್ಟಲೆ ಕುಳಿತರು. ಬೆಳಿಗ್ಗೆ ಮಲ್ಪೆ, ಮಧ್ಯಾಹ್ನ ಮುರ್ಡೇಶ್ವರ, ಸಂಜೆಗೆ ಕಾರವಾರವೆಂದು ಓಡುವವನಿಗೆ ಕಡಲು ಎದುರಿಗಿದ್ದರೂ ಸಿಕ್ಕುವದು ದಾರಿಯ ಧೂಳಷ್ಟೇ.

ಕಡಲಿನವನ ಮೆಚ್ಚುಗೆಯ ಬಗೆಯನ್ನೂ ತಿಳಿದುಕೊಳ್ಳಬೇಕು. ಮುರ್ಡೇಶ್ವರದಿಂದ ಯಾಂತ್ರಿಕ ದೋಣಿಯಲ್ಲಿ ಒಂದೂವರೆ ತಾಸಿನ ಹಾದಿ ನೇತ್ರಾಣಿ. ಬಂಡೆಗಳೇ ಗೋಡೆಯಾಗಿ ಎದ್ದು ನಿಂತ ನಡುಗಡ್ಡೆ. ಬಿಳಿಹೊಟ್ಟೆಯ ಕಡಲಹದ್ದುಗಳ ತವರು. ಬುಡದ ತಿಳಿನೀರಿನಲ್ಲಿ ಹವಳಗಳಿವೆ. ಅವುಗಳನ್ನು ನೋಡಲೆಂದು ಒಳನಾಡಿನ ತರುಣರು ಬೆನ್ನಿಗೆ ಗಾಳಿಯ ಸಿಲಿಂಡರ ಬಿಗಿದುಕೊಂಡು ಮುಳುಗುತ್ತಾರೆ. ಮೀನುಗಾರನ ನೇತ್ರಾಣಿ ಬೇರೆ. ದಡವು ಕಣ್ಮರೆಯಾದಾಗ ತಾನೆಲ್ಲಿರುವೆನೆಂದು ಹೇಳುವ ಗುರುತು ಅದು. ಹರಕೆ ಹೊತ್ತು ಮೇಕೆಗಳನ್ನು ಒಯ್ದು ಬಿಡುವ ದೇವರ ತಾಣ ಅದು. ಭಯ, ಭಕ್ತಿ, ಹಸಿವು ಈ ಮೂರೂ ಬೆರೆತ ಪ್ರೀತಿ ಅವನದು. ಇದೇ ನೇತ್ರಾಣಿಯನ್ನು ನೌಕಾಪಡೆಯವರು ಗುಂಡಿನ ಅಭ್ಯಾಸಕ್ಕೆ ಗುರಿಯನ್ನಾಗಿ ಮಾಡಿಕೊಂಡದ್ದೂ ಉಂಟು. ‘ನನಗೆ ಮೆಚ್ಚಿನ ಜಾಗ’ವೆಂದು ಅವನು ಬೆರಳು ಚಾಚಿದರೆ, ಬೆರಳಿನ ತುದಿಯಲ್ಲಿ ಕಾಣುವ ಬಂಡೆಯು ಬಂದವನಿಗೆ ದೊರೆಯಬಹುದು. ಬೆರಳಿನ ಹಿಂದಿರುವ ಮನುಷ್ಯನ ನಲವತ್ತು ವರ್ಷಗಳು ದೊರೆಯುವದಿಲ್ಲ.

ಆದುದರಿಂದ ಬಚ್ಚಿಡುವದೇ ಲೇಸೆಂದು ಕೆಲವರು ಹೇಳಬಹುದು. ಅದೂ ಸರಿಯಾಗಿ ತೋರುವದಿಲ್ಲ. ಮೀನಿನ ಬೆಳೆ ಕಡಿಮೆಯಾದ ವರ್ಷದಲ್ಲಿ ಪ್ರವಾಸಿಗರನ್ನು ಕರೆದೊಯ್ದು ನಾಲ್ಕು ದುಡ್ಡು ಗಳಿಸುವ ದೋಣಿಯವನಿಗೆ, ದೂರದ ಊರಿನಲ್ಲಿ ಜೋಳದ ಕಣಜವನ್ನು ತುಂಬಿಟ್ಟುಕೊಂಡವನು ವೈರಾಗ್ಯವನ್ನು ಬೋಧಿಸುವದು ಶೋಭಿಸದು. ಕಡಲು ಒಬ್ಬರ ಹಿತ್ತಲೂ ಅಲ್ಲ. ತಾನು ನೋಡಿ ತಣಿದು, ಪರರ ಕಣ್ಣಿಗೆ ಬಾಗಿಲು ಹಾಕುವವನು ಪರಿಗ್ರಹಕ್ಕೆ ಇನ್ನೊಂದು ಹೆಸರಿಟ್ಟಂತಾಯಿತು. ಎಂದೂ ಸಮುದ್ರವನ್ನು ಕಾಣದ ಅಥಣಿ, ಕಾಗವಾಡದ ಕಡೆಯ ಮುದುಕಿಯೊಬ್ಬಳು ಮೊದಲ ಸಲ ಅದನ್ನು ಕಂಡು ಕೈಮುಗಿಯುವಾಗ, ಅವಳಿಗೆ ಅದನ್ನು ತೋರಿಸಿದವನು ಪುಣ್ಯವಂತನೇ.

ದೋಷವು ತೋರಿಸುವದರಲ್ಲಿಲ್ಲ, ಅರ್ಧ ತೋರಿಸುವದರಲ್ಲಿದೆ. ಕಾರವಾರದ ಬಳಿಯ ಕೂರ್ಮಗಡದಲ್ಲಿ ನರಸಿಂಹದೇವರ ಗುಡಿಯಿದೆ. ಪುಷ್ಯದ ಹುಣ್ಣಿಮೆಗೆ ಜಾತ್ರೆ. ಜನರು ದೋಣಿಗಳಲ್ಲಿ ಹೋಗಿ ಬರುತ್ತಾರೆ. 2019ರ ಜನವರಿ 21ರಂದು ಜಾತ್ರೆಯಿಂದ ಮರಳುತ್ತಿದ್ದ ದೋಣಿಯೊಂದು ಮಗುಚಿ 16 ಮಂದಿ ತೀರಿಕೊಂಡರು. ಅವರಲ್ಲಿ ಚಿಕ್ಕ ಮಕ್ಕಳೂ ಇದ್ದರು, ಕಡಲಿನ ಗುಣವನ್ನು ಅರಿಯದ ಒಳನಾಡಿನವರೂ ಇದ್ದರು. ಹೋದವರು ದೇವರ ದರ್ಶನಕ್ಕೆ ಹೋದವರು; ಅದು ವಿಫಲ ಸಂಚಾರವೆನ್ನುವ ಎದೆ ಯಾರಿಗೂ ಇಲ್ಲ. ಹೊಳೆಯಲ್ಲಿ ಈಜು ಕಲಿತವನು ಕಡಲನ್ನು ದೊಡ್ಡ ಹೊಳೆಯೆಂದೇ ತಿಳಿಯುತ್ತಾನೆ. ಹೊಳೆಯು ಒಂದೇ ಮುಖವಾಗಿ ಹರಿಯುತ್ತದೆ, ಕಡಲು ಬಂದ ದಾರಿಗೆ ತಿರುಗಿ ಎಳೆಯುತ್ತದೆ. ಇದನ್ನು ದಂಡೆಯವನು ಹುಟ್ಟಿದಂದಿನಿಂದ ಬಲ್ಲನು. ಬಂದವನು ಬಲ್ಲನೆಂದು ಅವನು ಎಣಿಸುವದೇ ತಪ್ಪು. ಯಾವ ಬಂಡೆಯ ಮೇಲೆ ಪಾಚಿಯಿದೆ, ಯಾವ ಹೊತ್ತಿಗೆ ನೀರು ಏರುತ್ತದೆ, ಎಷ್ಟು ಜನರಾದರೆ ದೋಣಿ ಸಾಕೆನ್ನುತ್ತದೆ, ಯಾವ ಚಿಪ್ಪನ್ನು ಮುಟ್ಟಬಾರದು, ಹಕ್ಕಿಯು ಮೊಟ್ಟೆಯಿಟ್ಟಾಗ ಎಲ್ಲಿಂದ ಹಿಂದೆ ಸರಿಯಬೇಕು, ಇವೆಲ್ಲವೂ ಆ ಸ್ಥಳದ ಅಂಗಗಳೇ. ಹೆಸರನ್ನಷ್ಟೇ ಹೇಳಿ ಇವನ್ನು ನುಂಗಿಕೊಂಡರೆ ಅದು ಸಾರಣ. ಇವುಗಳೊಂದಿಗೆ ಹೇಳಿದರೆ ವಿದ್ಯಾದಾನ. ಕೇಳುವವನಿಗೂ ಇಲ್ಲಿ ಪಾಲುಂಟು. ‘ಇಂದು ಬೇಡ, ಗಾಳಿ ಸರಿಯಿಲ್ಲ’ವೆಂದು ದೋಣಿಯವನು ಹೇಳಿದಾಗ ‘ಎರಡು ದುಡ್ಡು ಹೆಚ್ಚು ತೆಗೆದುಕೋ, ಮತ್ತೆ ಯಾವಾಗ ಬರುತ್ತೇವೆ?’ ಎಂದು ಒತ್ತಾಯಿಸುವ ಗೃಹಸ್ಥರು ಇಲ್ಲದಿಲ್ಲ. ದುಡ್ಡಿನಿಂದ ಅವನ ಬಾಯನ್ನು ಮುಚ್ಚಿಸಿದವನು ಅರ್ಧ ಮಾತನ್ನು ತಾನೇ ಕೊಂಡುಕೊಂಡಂತೆ.

ಇನ್ನು, ಮೆಚ್ಚಿದ್ದನ್ನೆಲ್ಲ ಹೋಗಿ ಮೆಟ್ಟಲೇಬೇಕೆ ಎಂಬದೊಂದು ಉಳಿಯಿತು. ಕಾರವಾರದ ಎದುರಿನ ಅಂಜದೀವದಲ್ಲಿ ಪೋರ್ತುಗೀಜರು 1505ರಲ್ಲಿ ಕೋಟೆ ಕಟ್ಟಿದರು. ಅಲ್ಲಿ ಬ್ರೋತಸ್ ಮಾತೆಯ ಇಗರ್ಜಿಯಿದೆ. ಗೋವೆಯ ಕ್ರೈಸ್ತರು ಹಬ್ಬಕ್ಕೆ ಅಲ್ಲಿಗೆ ಹೋಗುತ್ತಿದ್ದರು. ದ್ವೀಪವು ನೌಕಾನೆಲೆಗೆ ಸೇರಿದ ಮೇಲೆ ಸಾರ್ವಜನಿಕರಿಗೆ ಪ್ರವೇಶವಿಲ್ಲ. ಹೋಗಲಾಗದವರ ಮನಸ್ಸಿನಿಂದ ಆ ಇಗರ್ಜಿಯು ಅಳಿಯಿತೆಂದು ಯಾರು ಹೇಳಿಯಾರು? ಅಷ್ಟು ದೂರವೇಕೆ, ಶೇಡಬಾಳದ ಬಸದಿಗಳಲ್ಲಿ ವರ್ಷಕ್ಕೆ ಮೂರು ಸಲ, ಕಾರ್ತಿಕ, ಫಾಲ್ಗುಣ, ಆಷಾಢಗಳ ಕೊನೆಯ ಎಂಟೆಂಟು ದಿನ, ಪೂಜೆಗೊಳ್ಳುವದು ಒಂದು ದ್ವೀಪವೇ. ನಂದೀಶ್ವರ ದ್ವೀಪವು ಎಂಟನೆಯದು. ಅದರಲ್ಲಿ 52 ಜಿನಾಲಯಗಳು. ಮೂರನೆಯ ದ್ವೀಪದ ನಡುವಣ ಮಾನುಷೋತ್ತರ ಪರ್ವತವನ್ನು ದಾಟುವ ಅಧಿಕಾರವೇ ಮನುಷ್ಯನಿಗೆ ಇಲ್ಲ. ಅಲ್ಲಿಗೆ ಹೋಗಿ ಪೂಜಿಸುವವರು ದೇವತೆಗಳು. ಆದರೂ ಅದರ ಬೆಟ್ಟಗಳನ್ನೂ ಬಾವಿಗಳನ್ನೂ ಇಲ್ಲಿಯ ಅಜ್ಜಿಯಂದಿರು ತಮ್ಮ ಹಿತ್ತಲಿನ ಗಿಡಗಳಂತೆ ಎಣಿಸಿ ಹೇಳಬಲ್ಲರು. ಯಾರೂ ಕಾಲಿಡದ ನೆಲದ ಮೇಲೆ ಇಷ್ಟು ಜನರಿಗೆ ಇಷ್ಟು ಮಮತೆಯಿರುವದನ್ನು ಕಂಡವರು, ಪ್ರೀತಿಗೆ ಹೆಜ್ಜೆಯ ಗುರುತೇ ಪ್ರಮಾಣವೆಂದು ವಾದಿಸಲಾರರು.

ಆ ಆಷಾಢವು ಬರುವ ಹೊತ್ತಿಗೆ ಪಡುವಣ ದಂಡೆಯಲ್ಲಿಯೂ ಬಾಗಿಲು ಹಾಕಿರುತ್ತದೆ. ಮೀನುಗಳು ಮರಿಮಾಡುವ ಕಾಲವೆಂದು ಜೂನ್ 1ರಿಂದ ಜುಲೈ 31ರವರೆಗೆ 61 ದಿವಸ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆಯ ನಿಷೇಧ. ಮಳೆಗಾಲದ ಅಬ್ಬರದಲ್ಲಿ ತೋನ್ಸೆಪಾರಿಗೆ ಪ್ರವಾಸಿಗರ ದೋಣಿಯೂ ಹೊರಡುವದಿಲ್ಲ. ಇತ್ತ ನೆಲದ ಮೇಲೆ ಸೂಕ್ಷ್ಮಜೀವಿಗಳು ಹೆಚ್ಚುವ ಕಾಲವೆಂದು ಮುನಿಗಳು ವಿಹಾರವನ್ನು ನಿಲ್ಲಿಸಿ ಒಂದೇ ಊರಿನಲ್ಲಿ ಚಾತುರ್ಮಾಸಕ್ಕೆ ನಿಲ್ಲುತ್ತಾರೆ. ಮಲ್ಪೆಯಲ್ಲಿ ಬಲೆಗಳಿಗೆ ಹೊಲಿಗೆ ಬೀಳುತ್ತಿರುವಾಗ ಶೇಡಬಾಳದಲ್ಲಿ ನಂದೀಶ್ವರದ ಅಷ್ಟಾಹ್ನಿಕ ನಡೆದಿರುತ್ತದೆ. ನಡುಗಡ್ಡೆಗಳಲ್ಲಿ ಆಗ ಹಕ್ಕಿಗಳೂ ಏಡಿಗಳೂ ಅಷ್ಟೇ.